ಎರಡನೆಯ ಸರದಿ

ಯಡಿಯೂರು ಕೆರೆಯ ಸುತ್ತಿನ ದಾರಿಯಲ್ಲಿ ಚಕ್ರಪಾಣಿಯವರು ನಿಧಾನವಾಗಿ ನಡೆಯುತ್ತಿದ್ದರು. ಹತ್ತು ಹೆಜ್ಜೆ ಹಿಂದೆ ಸಮನ್ವಿತಾ. ಡಿಸೆಂಬರಿನ ಮಂಜಿನಲ್ಲಿ ನೀರು ಎಲ್ಲಿ ಮುಗಿದು ಆಕಾಶ ಎಲ್ಲಿ ಶುರುವಾಗುತ್ತದೆಂದು ತಿಳಿಯುತ್ತಿರಲಿಲ್ಲ. ಮುಂದೆ ತೇಲುತ್ತಿದ್ದ ಅವರ ಬೂದು ಸ್ವೆಟರನ್ನೇ ನೋಡುತ್ತಾ ನಡೆದ ಅವಳಿಗೆ, ಕನಸಿನಲ್ಲಿ ತನ್ನ ಬೆನ್ನನ್ನು ತಾನೇ ನೋಡಿದ ಹಾಗಾಗುತ್ತಿತ್ತು.

ಇಬ್ಬರಿಗೂ ಒಂದೇ ಕಾಯಿಲೆ. ಮೈಯೊಳಗಿನ ರಕ್ತಕಣಗಳು ತಾವಾಗಿ ಒಡೆಯುತ್ತವೆ, ಲಕ್ಷಕ್ಕೊಬ್ಬರಿಗೂ ಬಾರದ್ದು. ಹದಿನೈದು ದಿನಕ್ಕೊಮ್ಮೆ ಬೇರೆಯವರ ರಕ್ತ ಹಾಕಿಸಿಕೊಂಡು ಸಮನ್ವಿತಾ ಇಪ್ಪತ್ತಾರು ಮುಟ್ಟಿದ್ದಳು. ಈಚೆಗೆ ಹೊಂದುವ ರಕ್ತ ಸಿಗುವುದೇ ಕಷ್ಟವಾಗಿತ್ತು. ಜಯನಗರದ ಆಸ್ಪತ್ರೆಯೊಂದರಲ್ಲಿ, ಮನುಷ್ಯರಿಗೆ ಅದುವರೆಗೆ ಕೊಟ್ಟಿರದ ಔಷಧಿಯೊಂದರ ಮೊದಲ ಪರೀಕ್ಷೆ ನಡೆದಿತ್ತು. ಅಲ್ಲೇ ಪರಿಚಯವಾದ ಚಕ್ರಪಾಣಿ ಅದನ್ನು ಚುಚ್ಚಿಸಿಕೊಂಡ ಮೊದಲನೆಯವರು. ಏಳು ದಿನ ಅವರಿಗೆ ಏನೂ ಆಗದಿದ್ದರೆ ಎಂಟನೆಯ ದಿನ ಅವಳಿಗೆ ಇಂಜೆಕ್ಷನ್. ಇವತ್ತು ಏಳನೆಯ ದಿನ.

"ಏನಮ್ಮಾ, ನಿನ್ನ ಸಿ.ಐ.ಡಿ. ಕೆಲಸ ಇವತ್ತಿಗೆ ಮುಗೀತಾ?" ಅವರು ತಿರುಗದೆಯೇ ಕೇಳಿದರು.

"ನಾಳೆಯಿಂದ ರಜಾ, ಅಂಕಲ್."

ಅವರು ನಕ್ಕರು. ನಗು ಮುಗಿಯುವ ಮೊದಲೇ ಕೈ ಕೆರೆಯಂಚಿನ ಕಂಬಿಯನ್ನು ಹುಡುಕಿತು. ಹಿಡಿದು, ಕಣ್ಣು ಮುಚ್ಚಿ ನಿಂತರು. ಸಮನ್ವಿತಾ ನಿಂತಲ್ಲೇ ನಿಂತಳು. ನೀರುಕೋಳಿಯೊಂದು ಮಂಜಿನಿಂದ ಹೊರಬಂದು ಸದ್ದಿಲ್ಲದೆ ಮಂಜಿನೊಳಕ್ಕೇ ಹೋಯಿತು. ಆಮೇಲೆ ಅವರು ಕಣ್ಣು ಬಿಟ್ಟರು.

"ತಲೆ ಸುತ್ತಿತಾ?"

"ಕಾಫಿ ಕುಡಿದಿರ್ಲಿಲ್ಲ, ಅಷ್ಟೇ."

"ದಿನಾ ಕುಡೀದೇನೇ ತಾನೆ ಬರೋದು ನೀವು?"

ಚಕ್ರಪಾಣಿ ಬೆಂಚಿನ ಮೇಲೆ ಕೂತು, ಆಸ್ಪತ್ರೆಯವರು ಕೊಟ್ಟಿದ್ದ ಪುಟ್ಟ ಡೈರಿಯನ್ನು ಜೇಬಿನಿಂದ ತೆಗೆದರು. ಆರು ಪುಟಗಳಲ್ಲೂ 'ಏನೂ ತೊಂದರೆ ಇಲ್ಲ' ಎಂದಿತ್ತು. ಏಳನೆಯದು ಖಾಲಿ.

"ಇದನ್ನ ಬರೆದ್ರೆ ನಿನ್ನ ಇಂಜೆಕ್ಷನ್ ನಿಲ್ಲಿಸ್ತಾರೆ. ತಿಂಗಳೋ, ಎರಡು ತಿಂಗಳೋ. ಪೂರ್ತಿ ಕೈಬಿಟ್ರೂ ಬಿಡಬಹುದು. ನೋಡಿದ್ದು ನೀನೊಬ್ಬಳೇ." ಅವರು ಪೆನ್ನಿನ ಮುಚ್ಚಳ ತೆಗೆಯಲಿಲ್ಲ. "ನೀನೇ ಹೇಳಮ್ಮ."

ಸಮನ್ವಿತಾ ಕೆರೆಯತ್ತ ನೋಡಿದಳು. ಆಚೆ ದಡದ ಮರಗಳು ಒಮ್ಮೆ ಇದ್ದಂತೆ, ಒಮ್ಮೆ ಇಲ್ಲದಂತೆ ಕಾಣುತ್ತಿದ್ದವು.

"ಬರೀರಿ," ಅಂದಳು.

ಅವರು ಮುಚ್ಚಳ ತೆಗೆದರು. ಆಮೇಲೆ 'ಬೆಳಿಗ್ಗೆ ಆರು ನಲವತ್ತು, ತಲೆಸುತ್ತು' ಎಂದು ಬರೆದು ಪೆನ್ನು ತಡೆದರು.

"ಎರಡು ಸೆಕೆಂಡು ಅಂತ ಹಾಕ್ಲಾ?"

"ಹನ್ನೆರಡು, ಅಂಕಲ್. ನಾನು ಎಣಿಸ್ತಿದ್ದೆ."