ಅರಿಶಿಣಕ್ಕೆ ಮುಂಚೆ

ಸೋಮವ್ವನ ತೋಳು ಹಿಡಿಯಲು ಪಾಯಪ್ಪ ಕೈ ಚಾಚಿದ್ದೇ ತಡ, ಆಕೆಯ ಅಪ್ಪ ಲಗಮಣ್ಣ ಕುರಿ ಕಾಯುವ ಕೋಲನ್ನು ನಡುವೆ ಅಡ್ಡ ಹಿಡಿದ.

"ಗಂಡ ಹುಡುಗೂರಿಗೆ ಹಾಕಿದ್ರಲ್ಲ, ಅಷ್ಟ ಸಾಕ್ರೀ. ಈಕಿಗೆ ಬ್ಯಾಡ. ಬರೂ ಸೋಮವಾರ ಅರಿಷಿಣ ಹಚ್ಚೂದೈತಿ."

ಪಾಯಪ್ಪ ಜಮಖಂಡಿ ಸಂಸ್ಥಾನದ ನೌಕರ. ಸಿಡುಬು ಬಾರದಂತೆ ತೋಳು ಗೀರಿ ಮದ್ದು ಹಚ್ಚುವುದು ಅವನ ಕೆಲಸ. ಜನರ ಬಾಯಲ್ಲಿ ಅದು ದೇವಿ ಹಾಕುವುದು. ಆ ಬೇಸಗೆಯಲ್ಲಿ ಹೊಳೆದಂಡೆಯ ಊರುಗಳಲ್ಲಿ ಹನ್ನೆರಡು, ಹದಿಮೂರು ವರ್ಷದ ಮಕ್ಕಳೇ ಸಾಯತೊಡಗಿದ್ದರಿಂದ, ಕೂಸಿದ್ದಾಗ ಹಾಕಿಸಿಕೊಂಡವರಿಗೂ ಇನ್ನೊಮ್ಮೆ ಹಾಕಬೇಕೆಂದು ಹುಕುಂ ಆಗಿತ್ತು. ಹುಕುಮಿಗೆ ಯಾರು ಹೆದರುತ್ತಾರೆ? ದೇವಿ ಹಾಕಿಸಿಕೊಂಡ ಮೇಲೆ ಗಾಯದ ಹಕ್ಕಳೆ ಉದುರುವ ತನಕ ಮೈಯಲ್ಲಿ ದೇವಿಯೇ ಇರುತ್ತಾಳೆ, ಎಣ್ಣೆ ಅರಿಶಿಣ ಸೋಕಿಸಬಾರದು ಎಂಬುದು ಅಲ್ಲಿಯ ಕಟ್ಟುಪಾಡು. ಹೀಗಾಗಿ ಪಾಯಪ್ಪ ಬಂದ ಸುದ್ದಿ ಕೇಳಿದೊಡನೆ ಮದುವೆ ಗೊತ್ತಾದ ಹುಡುಗಿಯರನ್ನೆಲ್ಲ ಒಳಗೆ ಕೂಡಿಹಾಕುತ್ತಿದ್ದರು. ಆ ವಯಸ್ಸಿನಲ್ಲಿ ಮದುವೆ ಗೊತ್ತಾಗದ ಹುಡುಗಿ ಎಲ್ಲಿದ್ದಳು ಮತ್ತೆ!

"ಈಕಿನ್ನ ಯಾವ ಊರಿಗೆ ಕೊಡಾಕತ್ತಿ?" ಪಾಯಪ್ಪ ಕೇಳಿದ.

"ಚಿಕ್ಕಪಡಸಲಗಿಗ್ರಿ."

"ಅಲ್ಲೇ ಬ್ಯಾನಿ ಎದ್ದೈತಲ್ಲೋ! ಈ ವಾರದಾಗ ಮೂರ ಮಕ್ಕಳನ್ನ ಮಣ್ಣ ಮಾಡ್ಯಾರ. ಉರಿಯೂ ಮನಿಯೊಳಗ ಮಗಳ್ನ ನೂಕಾಕ ನಿಂತೀಯಲ್ಲ!"

"ಕೂಸಿದ್ದಾಗ ಹಾಕಿಸೇವಲ್ರೀ ಸಾಹೇಬ್ರ. ಗುರ್ತ ನೋಡ್ರಿ ಬೇಕಾದ್ರ."

"ಅದರ ಜೋರ ಇಷ್ಟ ವರ್ಷ ಉಳಿಯಂಗಿಲ್ಲೋ." ಬೈದರೆ ಬಾಗಿಲು ಹಾಕಿಕೊಳ್ಳುತ್ತಾರೆ ಎಂಬುದನ್ನು ಪಾಯಪ್ಪ ಹಟ್ಟಿ ಹಟ್ಟಿ ತಿರುಗಿ ಕಲಿತಿದ್ದ. ಬಂದ ಸಿಟ್ಟನ್ನು ನುಂಗಿಕೊಂಡು ಹಾಸಿದ ಕಂಬಳಿಯ ಮೇಲೆ ಕುಳಿತ. "ಅದಿರಲಿ, ನಿನ್ನ ಕುರಿಗೆ ಸಿಡಬ ಬಿದ್ರ ಏನ ಮಾಡ್ತಿ, ಅದನ್ನರ ಹೇಳು."

"ಬಿದ್ದ ಕುರೀದು ಕೀವ ತಗದು, ಉಳದಾವಕ್ಕ ಕಿವಿ ಗೀರಿ ಹಚ್ಚತೇನ್ರಿ. ನಮ್ಮ ಮುತ್ತ್ಯಾನ ಕಾಲದಿಂದ ಬಂದದ್ದು."

"ಹೆಣ್ಣ ಕುರಿ ಬಿಟ್ಟ ಹಚ್ಚತಿ?"

"ಎಂಥಾ ಮಾತ್ರೀ! ಮೊದಲ ಅವಕ್ಕ ಹಚ್ಚೂದು. ಹಿಂಡ ನಿಂತದ್ದ ಅವುಗಳ ಮ್ಯಾಲ."

ಹೇಳಿ ಮುಗಿಸಿದ ಮೇಲೆ ತಾನೇನು ಹೇಳಿದೆನೆಂಬುದು ಲಗಮಣ್ಣನಿಗೇ ಹೊಳೆಯಿತು. ಕೋಲು ಮೆಲ್ಲಗೆ ಕೆಳಗಿಳಿಯಿತು. ಬಾಗಿಲಲ್ಲಿ ನಿಂತಿದ್ದ ಅವನ ಹೆಂಡತಿ ಹಣಮವ್ವ ಒಂದು ಹೆಜ್ಜೆ ಮುಂದೆ ಬಂದಳು. ಚಿಕ್ಕಂದಿನಲ್ಲಿ ಸಿಡುಬು ಆಕೆಯ ಮುಖದ ತುಂಬ ಕಲೆ ಉಳಿಸಿ, ಒಂದು ಕಣ್ಣು ತೆಗೆದುಕೊಂಡು ಹೋಗಿತ್ತು. ಮಗಳ ತೋಳು ಯಾವಾಗ ಮುಂದಾಗುತ್ತದೆ ಎಂದು ಆಕೆ ಉಳಿದ ಒಂದು ಕಣ್ಣಲ್ಲಿ ಕಾಯುತ್ತಿದ್ದಳು.

ಕೆಲಸ ಆಗಿಯೇ ಬಿಡುತ್ತಿತ್ತು. ಆದರೆ ಮದುವೆಯ ಮಾತಿಗೆಂದು ಬಂದು ಕಟ್ಟೆಯ ಮೇಲೆ ಕುಳಿತಿದ್ದ ಗಂಡಿನ ಅಪ್ಪ ಜಕ್ಕಪ್ಪ ತಂಬಾಕು ಉಗುಳಿ ಬಾಯಿ ಹಾಕಿದ.

"ಕುರಿ ಮಾತ ಕುರಿಗೆ, ಬೀಗಾ. ಮೈಯಾಗ ದೇವಿ ಇಟಗೊಂಡಾಕಿಗೆ ಅರಿಷಿಣ ಹಚ್ಚಾಕ ನಮ್ಮ ಮಂದಿ ಒಪ್ಪಂಗಿಲ್ಲ. ಹಾಕಸ್ತಿ ಅಂದ್ರ ಮದವಿ ಇಲ್ಲ, ನೋಡಪಾ."

ಕೋಲು ಮತ್ತೆ ಮೇಲೆದ್ದಿತು. ಮಗಳು ಸತ್ತರೆ ಹಣೆಬರಹ ಎನ್ನಬಹುದು, ಮದುವೆ ಮುರಿದರೆ ಮಾತ್ರ ಮಾನ ಹೋಗುತ್ತದೆ! ಹೀಗೆ ಯೋಚಿಸುವ ಅಪ್ಪಂದಿರಿಗೆ ಏನು ಹೇಳಬೇಕು? ಹದಿಮೂರು ವರ್ಷದ ಸೋಮವ್ವ ಅಪ್ಪನ ಮುಖ, ಬೀಗರ ಮುಖ ನೋಡಿ ತೋಳನ್ನು ಸೆರಗಿನೊಳಗೆ ಎಳೆದುಕೊಂಡಳು. ಸಾಯುವವಳು ಆಕೆಯೇ ಆದರೂ ಆಕೆಯನ್ನು ಯಾರೂ ಏನೂ ಕೇಳಲಿಲ್ಲ.

ಪಾಯಪ್ಪ ಮಾತ್ರ ಜಕ್ಕಪ್ಪನನ್ನೇ ದಿಟ್ಟಿಸುತ್ತಿದ್ದ.

"ನಿಮ್ಮನ್ನ ಎಲ್ಲೋ ನೋಡಿದಂಗೈತಿ. ಹುಲೆಪ್ಪನ ಅಪ್ಪ ಅಲ್ಲೇನ್ರಿ ನೀವು? ಹೋದ ವಾರ ಚಿಕ್ಕಪಡಸಲಗ್ಯಾಗ ಅಂವಗ ದೇವಿ ಹಾಕುವಾಗ ತೋಳ ಹಿಡಕೊಂಡು ಕುಂತಾವ್ರು ನೀವ ಅಲ್ಲ?"

ಅಂಗಳದಲ್ಲಿದ್ದವರೆಲ್ಲ ಜಕ್ಕಪ್ಪನತ್ತ ತಿರುಗಿದರು. ಹುಲೆಪ್ಪನೇ ಮದುಮಗ.

ಜಕ್ಕಪ್ಪನಿಗೆ ನಾಚಿಕೆಯಾಯಿತೆಂದು ತಿಳಿದರೆ ತಪ್ಪು. "ಹೌದ್ರಿ, ಹಾಕಿಸೇನಿ," ಎಂದ. "ಅಂವಗ ಅಂಗಿ ತೋಳ ಮುಚ್ಚತೈತಿ, ಅರಿಷಿಣ ಗಲ್ಲಕ್ಕಷ್ಟ ಮುಟ್ಟಿಸಿದ್ರಾತು. ಇರಾವ ಒಬ್ಬ ಮಗ. ಅಂವಗೇನರ ಆದ್ರ ನಮ್ಮ ಮನಿ ಮುಳಿಗಿ ಹೋಗತೈತಿ. ಹೆಣ್ಣಿಗೇನ್ರೀ? ಒಂದ ಹೋದ್ರ ಇನ್ನೊಂದ ತಂದ್ರಾತು." ಎಲ್ಲರಿಗೂ ಗೊತ್ತಿರುವ ಮಾತನ್ನೇ ಆಡಿದವನಂತೆ ಸಣ್ಣಗೆ ನಕ್ಕ ಬೇರೆ.

ಲಗಮಣ್ಣ ನೆಲ ನೋಡಿದ. ಹಣಮವ್ವ ಒಳಗೆ ಹೋದಳು. ಪೆಟ್ಟಿಗೆ ತೆರೆದ ಸದ್ದಾಯಿತು. ಹೊರಗೆ ಬಂದಾಗ ಆಕೆಯ ಕೈಯಲ್ಲಿ, ನಿಶ್ಚಯದ ದಿನ ಬೀಗರು ಸೋಮವ್ವನಿಗೆ ಉಡಿಸಿದ್ದ ಹಸಿರು ಸೀರೆಯಿತ್ತು. ಗಂಡನ ಕೋಲನ್ನು ಬದಿಗೆ ತಳ್ಳಿ, ಮಗಳ ಕುಬಸದ ತೋಳನ್ನು ಮೇಲಕ್ಕೆ ಸರಿಸಿ, "ಹಾಕ್ರಿ ಸಾಹೇಬ್ರ," ಎಂದಳು. ಆಮೇಲೆ ಕಟ್ಟೆಯ ಹತ್ತಿರ ಹೋಗಿ ಸೀರೆಯನ್ನು ಜಕ್ಕಪ್ಪನ ತೊಡೆಯ ಮೇಲೆ ಇಟ್ಟಳು.

"ಒಯ್ಯಿರಿ ಅಣ್ಣಾರ. ಆ ಇನ್ನೊಂದಕ್ಕ ಬೇಕಾಗತೈತಿ."