ಐದು ನಲವತ್ತರ ಫೋನು

"ಸಂಜೆ ಫೋನಿನ ಕೆಲಸ ಇನ್ನು ಬೇಡ, ಗ್ಲೆನಿಸ್. ಹೊಸ ಕಂಪ್ಯೂಟರ್ ಸರ್ವರ್ ಬಂದ ಮೇಲೆ ನೀವು ನಾಲ್ಕೂವರೆಗೇ ಮನೆಗೆ ಹೋಗಬಹುದು," ಎಂದ ಬ್ರೆಟ್, ದೊಡ್ಡ ಉಪಕಾರ ಮಾಡಿದವನ ಹಾಗೆ. ಮೇಜಿನ ಮೇಲೆ ಯೋಜನೆಯ ಹಾಳೆಗಳು ಹರಡಿದ್ದವು. ಕೊನೆಯ ಹಾಳೆಯಲ್ಲಿ 'ಸಂಜೆಯ ಫೋನು' ಎಂಬ ಸಾಲಿನ ಮುಂದೆ 'ಬೇಕು', 'ಬೇಡ' ಎಂದು ಎರಡು ಚೌಕಗಳು. ಗುರುತು ಹಾಕಬೇಕಾದವಳು ಗ್ಲೆನಿಸ್. ಆಸ್ಟ್ರೇಲಿಯದ ಪೋರ್ಟ್ ಆಗಸ್ಟಾದ ಈ ಪಂಪು ರಿಪೇರಿ ಕಂಪನಿಗೆ ಮಾಲೀಕ ಬ್ರೆಟ್ ಇರಬಹುದು, ಆದರೆ ಹತ್ತೊಂಬತ್ತು ವರ್ಷದಿಂದ ಆಫೀಸು ಎಂದರೆ ಅವಳೇ.

ಸರ್ವರ್ ಮುದಿಯಾಗಿದ್ದು ನಿಜ. ಊರೂರು ಸುತ್ತುವ ಐವರು ಮೆಕ್ಯಾನಿಕ್‌ಗಳಿಗೆ ಮರುದಿನದ ಕೆಲಸದ ಪಟ್ಟಿ ಅದರಲ್ಲೇ ಸಿಗಬೇಕು. ಸಿಗದಿದ್ದರೆ ಫೋನು ಮಾಡುತ್ತಾರೆ, ಇವಳು ಓದಿ ಹೇಳುತ್ತಾಳೆ. ಹೋದ ತಿಂಗಳು ಇವಳು ಒಂದು ಅಂಕಿ ತಪ್ಪು ಓದಿ, ಒಬ್ಬ ಮುನ್ನೂರು ಕಿಲೋಮೀಟರ್ ದೂರದ ಬೇರೆ ಯಾರದೋ ಫಾರ್ಮಿಗೆ ಹೋಗಿ ನಿಂತಿದ್ದ. ಎಲ್ಲ ಸರಿ, ಆದರೆ ನಾಲ್ಕೂವರೆಗೆ ಮನೆಗೆ ಹೋಗಿ ಮಾಡುವುದೇನು? ಹೆಂಡತಿ, ಮೂರು ಮಕ್ಕಳು, ಎರಡು ನಾಯಿ ಇರುವ ಬ್ರೆಟ್‌ಗೆ ಇದು ಹೊಳೆಯುವುದಿಲ್ಲ. ಗಂಡ ಕೋಲಿನ್ ಸತ್ತ ಮೇಲೆ ಆ ಮನೆಯಲ್ಲಿ ಸದ್ದು ಮಾಡುವುದು ನೀರು ಕಾಯಿಸುವ ಕೆಟಲ್ ಒಂದೇ. ಹಾಗಂತ ಬಾಯಿಬಿಟ್ಟು ಹೇಳುವ ಹೆಂಗಸಲ್ಲ ಗ್ಲೆನಿಸ್. ಅವಳು ಮರ್ವ್‌ನನ್ನು ಮುಂದೆ ಮಾಡಿದಳು.

"ಉಳಿದ ನಾಲ್ವರ ಮಾತು ಬಿಡು. ಮರ್ವ್ ಗತಿ ಏನು? ಊಡ್ನಡಟ್ಟ ದಾರೀಲಿ, ಆ ಮರುಭೂಮೀಲಿ ಒಬ್ಬನೇ ಅಲೆಯೋನು. ಅವನಿಗೆ ಸರ್ವರ್ ಒಂದು ದಿನಾನೂ ತೆರೆಯಲ್ಲ. ನಾನು ಓದಿ ಹೇಳಿದ್ರೇನೇ ಅವನ ಗಾಡಿ ಹೊರಡೋದು."

ಸರ್ವರ್ ಬದಲಾಯಿಸಲೆಂದು ಅಡಿಲೇಡಿನಿಂದ ಕರೆಸಿದ್ದ ಆನಿಕ ಲ್ಯಾಪ್‌ಟಾಪಿನಿಂದ ತಲೆ ಎತ್ತಿದಳು. "ಇಲ್ವಲ್ಲ. ಸರ್ವರ್ ಒಳಗೆ ಯಾರು ಯಾವಾಗ ಬಂದ್ರು ಅನ್ನೋದು ಮೂರು ವರ್ಷದ್ದೂ ಇಲ್ಲಿದೆ. ಉಳಿದ ನಾಲ್ಕೂ ಜನ ಐದೂವರೆಗೆ ಒಟ್ಟಿಗೆ ನುಗ್ತಾರೆ, ಪಾಪ, ಸರ್ವರ್ ಕೈಚೆಲ್ಲುತ್ತೆ. ಮರ್ವ್ ಮಾತ್ರ ಐದಕ್ಕೇ ಬಂದು, ಪಟ್ಟಿ ಓದ್ಕೊಂಡು ಹೋಗಿರ್ತಾರೆ. ಒಂದು ದಿನಾನೂ ತಪ್ಪಿಲ್ಲ."

"ಸುಳ್ಳು," ಎಂದಳು ಗ್ಲೆನಿಸ್. "ದಿನಾ ಐದು ನಲವತ್ತಕ್ಕೆ ಅವನ ಫೋನು ಬರುತ್ತೆ."

"ಹಾಗಾದ್ರೆ ಮೂರು ವರ್ಷದಿಂದ ನಿಮ್ಮ ಕಿವಿಗೆ ಹೂ ಇಟ್ಟಿದ್ದಾನೆ ಬಿಡಿ," ಎಂದು ಬ್ರೆಟ್ ನಕ್ಕ.

ಗ್ಲೆನಿಸ್‌ಗೆ ರೇಗಿತು. ಬಂದ ಫೋನುಗಳನ್ನೆಲ್ಲ ತಾರೀಕು ಹಾಕಿ ಬರೆದಿಡುವ ನೋಟುಬುಕ್ಕುಗಳನ್ನು ಎಳೆದು, ಇವರ ಬಾಯಿ ಮುಚ್ಚಿಸುತ್ತೇನೆಂದು ಹಾಳೆ ಹಿಂದಕ್ಕೆ ತಿರುವಿದಳು. ಐದು ನಲವತ್ತು, ಮರ್ವ್. ಐದು ನಲವತ್ತು, ಮರ್ವ್. ಹೀಗೇ ಹೋಗಿ ಮೂರು ವರ್ಷದ ಹಿಂದಿನ ಆಗಸ್ಟ್ ತಿಂಗಳ ಒಂದು ಸೋಮವಾರಕ್ಕೆ ಅದು ನಿಂತಿತು. ಅದಕ್ಕೂ ಹಿಂದೆ ಮರ್ವ್ ಹೆಸರೇ ಇಲ್ಲ. ಇನ್ನೊಂದು ಬುಕ್ಕು ತೆಗೆದಳು. ಅದರಲ್ಲೂ ಇಲ್ಲ. ಅವನು ಕೆಲಸಕ್ಕೆ ಸೇರಿ ಆಗಲೇ ಒಂಬತ್ತು ವರ್ಷವಾಗಿತ್ತು.

ಕೋಲಿನ್‌ನನ್ನು ಮಣ್ಣು ಮಾಡಿದ್ದು ಆ ಸೋಮವಾರದ ಹಿಂದಿನ ಶುಕ್ರವಾರ. ಮರ್ವ್ ಐನೂರು ಕಿಲೋಮೀಟರ್ ಗಾಡಿ ಓಡಿಸಿಕೊಂಡು ಬಂದು, ಚರ್ಚಿನ ಹಿಂದಿನ ಗೋಡೆಗೆ ಒರಗಿ ಟೋಪಿ ಹಿಸುಕುತ್ತ ನಿಂತಿದ್ದ. ಒಂದು ಮಾತೂ ಹೊರಡದೆ ಹಾಗೇ ವಾಪಸು ಹೋಗಿದ್ದ. ಸೋಮವಾರ ಸಂಜೆ ಫೋನು ಮಾಡಿ ಪಟ್ಟಿ ಓದಿಸಿಕೊಂಡು, ಕೊನೆಗೆ ಏನೋ ನೆನಪಾದವನಂತೆ, "ಅಡುಗೆ ಏನು ಇವತ್ತು?" ಎಂದಿದ್ದ. ಟೋಸ್ಟ್ ಎಂದಿದ್ದಳು. ಮರುದಿನ ಕೇಳಿದಾಗಲೂ ಟೋಸ್ಟ್, ಅದರ ಮರುದಿನವೂ ಟೋಸ್ಟ್. ನಾಲ್ಕನೆಯ ದಿನ ಹೇಳಿಕೊಳ್ಳಲು ನಾಚಿಕೆಯಾಗಿ ಕುರಿ ಚಾಪ್ಸ್ ಕೊಂಡುಹೋಗಿ ಒಲೆ ಹಚ್ಚಿದ್ದಳು. ಆಮೇಲೆ ದಿನವೂ ಅವನಿಗೆ ಉತ್ತರ ಕೊಡಬೇಕಲ್ಲ ಎಂದೇ ಏನಾದರೊಂದು ಬೇಯಿಸುತ್ತ ಬಂದಳು. ಇಷ್ಟು ದಿನವೂ, ಮದುವೆ ಮಕ್ಕಳಿಲ್ಲದ ಒಂಟಿ ಜೀವ, ತನ್ನ ಜೊತೆ ನಾಲ್ಕು ಮಾತಾಡಿ ಹಗುರಾಗಲಿ ಎಂದು ಇವಳೇ ಅವನಿಗಾಗಿ ಮರುಗುತ್ತಿದ್ದಳು.

"ಇದೇನು ಆಟ ಅಂತ ನಾನೇ ಅವನನ್ನ ಕೇಳ್ತೀನಿ," ಎಂದ ಬ್ರೆಟ್.

"ನೀನು ಸುಮ್ನೆ ಬಾಯಿ ಮುಚ್ಕೊಂಡು ಕೂತ್ಕೋ," ಎಂದಳು ಗ್ಲೆನಿಸ್. ಮಾಲೀಕ ಸುಮ್ಮನೆ ಕೂತ. ಅವಳು ಮೂಗು ಒರೆಸಿಕೊಂಡು, ಪೆನ್ನು ತೆಗೆದು, 'ಬೇಡ' ಎಂಬ ಚೌಕಕ್ಕೆ ಗುರುತು ಹಾಕಿ ಹಾಳೆಯನ್ನು ಆನಿಕಳ ಕಡೆ ತಳ್ಳಿದಳು. ಅಷ್ಟರಲ್ಲಿ ಐದು ನಲವತ್ತಾಯಿತು, ಫೋನು ಬಡಿದುಕೊಂಡಿತು.

"ಹಾಳಾದ್ದು ಇವತ್ತೂ ತೆರೀತಿಲ್ಲ ಮಾರಾಯ್ತಿ," ಎಂದ ಮರ್ವ್. "ಸ್ವಲ್ಪ ಓದಿ ಹೇಳ್ತೀಯಾ?"

"ನನಗೂ ತೆರೀತಿಲ್ಲ ಮರ್ವ್. ಇವತ್ತು ನೀನೇ ಓದು."

ಆ ಕಡೆ ಮರ್ವ್ ಒಮ್ಮೆ ಕೆಮ್ಮಿದ. ಆಮೇಲೆ ನಿಧಾನಕ್ಕೆ, ಒಂದು ಹೆಸರೂ ಒಂದು ಅಂಕಿಯೂ ತಪ್ಪದ ಹಾಗೆ, ನಾಳೆಯ ಪಟ್ಟಿಯನ್ನು ಪೂರ್ತಿ ಓದಿದ. ಓದಿ ಮುಗಿಸಿದ. ಅಡುಗೆ ಏನೆಂದು ಕೇಳಲಿಲ್ಲ.

"ಮುಂದಿನ ತಿಂಗಳು ಹೊಸ ಸರ್ವರ್ ಬರುತ್ತಂತೆ. ಅದು ಕೈಕೊಡೋದೇ ಇಲ್ವಂತೆ," ಎಂದಳು ಗ್ಲೆನಿಸ್. "ಅದಕ್ಕೇ ನನ್ನ ಮನೆ ನಂಬರ್ ಬರ್ಕೋ." ಒಂದೊಂದೇ ಅಂಕಿ ಹೇಳಿದಳು, ಅವನು ಒಂದೊಂದಾಗಿ ತಿರುಗಿ ಹೇಳಿದ. "ಸರಿ. ಈಗ ಹೇಳು, ನಿನ್ನ ಅಡುಗೆ ಏನು ಇವತ್ತು?"

ಮೂರು ವರ್ಷದಲ್ಲಿ ಅವಳು ಒಮ್ಮೆಯೂ ಕೇಳಿರದ ಪ್ರಶ್ನೆ.

"ಟೋಸ್ಟ್," ಎಂದ ಮರ್ವ್.