ಗುಂಗುರು ಕೂದಲಿನ ಪುರಾವೆ

ನಾಳೆ ಸಂಜೆಯೊಳಗೆ ಆಫ್ರಿಕಾ ಮೂಲದ ಸಿದ್ದಿ ಜನಾಂಗದವಳೆಂಬ ಪ್ರಮಾಣಪತ್ರ ಸಲ್ಲಿಸದಿದ್ದರೆ ಅವಳಿಗೆ ಸಿಕ್ಕಿದ್ದ ಶಿಕ್ಷಕಿ ಕೆಲಸ ಬೇರೆಯವರ ಪಾಲಾಗುತ್ತಿತ್ತು. ತಾಲ್ಲೂಕು ಕಚೇರಿಯ ಅಧಿಕಾರಿ ಅರ್ಜಿಯನ್ನು ನೋಡಿದರು, ಆಮೇಲೆ ಅವಳ ತಲೆಯನ್ನು ನೋಡಿದರು.

"ಸಿದ್ದಿ ಜನರದ್ದು ಗುಂಗುರು ಕೂದಲು ಅಲ್ವೇನಮ್ಮಾ? ನಿನ್ನದು ನೆಟ್ಟಗಿದೆ."

"ಪಾರ್ಲರಿನಲ್ಲಿ ನೆಟ್ಟಗೆ ಮಾಡಿಸಿದ್ದು ಸರ್. ಶಾಲೆಯಲ್ಲಿ ಪಾತ್ರೆ ತಿಕ್ಕೋ ನಾರು ಅಂತ ಕರೀತಿದ್ರು."

"ಬರೀ ಬಣ್ಣ ನೋಡಿ ಬರೆದುಕೊಡೋಕಾಗಲ್ಲ. ಕಪ್ಪಗಿರೋರು ನಮ್ಮ ಮನೇಲೂ ಇದ್ದಾರೆ."

"ಅಪ್ಪನ ಪ್ರಮಾಣಪತ್ರ ಇಟ್ಟಿದ್ದೇನಲ್ಲ ಸರ್?"

"ಸುಳ್ಳು ಪತ್ರ ತರೋರು ದಿನಾ ಬರ್ತಾರೆ. ಕೂದಲು ಬೆಳೆಸ್ಕೊಂಡು ಬಾ, ನೋಡೋಣ."

"ಅದಕ್ಕೆ ಆರು ತಿಂಗಳು ಬೇಕು ಸರ್. ನನಗಿರೋದು ನಾಳೆ ಒಂದೇ ದಿನ."

"ಹಾಗಾದ್ರೆ ಶಾಲೆಯ ಗ್ರೂಪ್ ಫೋಟೋ ಇದ್ರೆ ತೋರಿಸು. ಆಗ ಕೂದಲು ಹೇಗಿತ್ತು ಅಂತ ಗೊತ್ತಾಗ್ತದೆ."

ಅವಳು ಅಂಕಪಟ್ಟಿಗಳ ಫೈಲಿನಿಂದ ಏಳನೇ ತರಗತಿಯ ಫೋಟೋ ತೆಗೆದು ಮೇಜಿನ ಮೇಲಿಟ್ಟಳು. ಅಧಿಕಾರಿ ಕನ್ನಡಕ ಏರಿಸಿ ಮೂರೂ ಸಾಲುಗಳನ್ನು ಎರಡೆರಡು ಸಲ ಹುಡುಕಿದರು.

"ಇದರಲ್ಲಿ ನೀನೇ ಇಲ್ವಲ್ಲ!"

"ನನ್ನ ಕೂದಲು ಹಿಂದಿನವರ ಮುಖಕ್ಕೆ ಅಡ್ಡ ಆಗ್ತದೆ ಅಂತ ಮೇಷ್ಟ್ರು ಸಾಲಿನಿಂದ ಎಬ್ಬಿಸಿ, ಫೋಟೋ ತೆಗೆಯೋರ ಪಕ್ಕ ನಿಲ್ಲಿಸಿದ್ರು ಸರ್."

"ಮತ್ತೆ ಇದನ್ನ ಯಾಕೆ ತೋರಿಸ್ತೀಯ?"

ಮುಂದಿನ ಸಾಲಿನ ಮಕ್ಕಳ ಕಾಲ ಬಳಿ, ಬಿಸಿಲು ಬಿದ್ದ ನೆಲದಲ್ಲಿ, ಫೋಟೋ ತೆಗೆಯುವವನ ನೆರಳಿನ ಪಕ್ಕದಲ್ಲಿದ್ದ, ದುಂಡಗೆ ಕೆದರಿದ ಕೂದಲಿನ ಪುಟ್ಟ ನೆರಳಿನ ಮೇಲೆ ಅವಳು ಬೆರಳಿಟ್ಟಳು.